ಡಿಶ್ ಮಾವನ ‘ಬಂತಾ?’

ಡಿಶ್ ಮಾವನ ಕತ್ತು ನೇರವಾಗಿದ್ದದ್ದನ್ನು ನಾನು ನೋಡಿದ ನೆನಪಿಲ್ಲ. ಅದು ಸ್ವಲ್ಪ ಬಲಕ್ಕೆ ವಾಲಿಕೊಂಡು, ಗದ್ದ ಮೇಲಕ್ಕೆದ್ದು, ಎಡಗಣ್ಣು ಅರ್ಧ ಮುಚ್ಚಿಕೊಂಡಿರುತ್ತಿತ್ತು. ಎದುರಿಗೆ ನಿಂತು ಮಾತನಾಡುವವರು ತಮ್ಮ ತಲೆಯ ಮೇಲೆ ಏನೋ ಕೂತಿರಬೇಕೆಂದು ಕೈಯಾಡಿಸಿಕೊಳ್ಳುತ್ತಿದ್ದರು. ದುಡಿಯುವ ಜನಕ್ಕೆ ಬೆನ್ನು, ಹೆಗಲು ಕಪ್ಪಾಗಿದ್ದರೆ ಮಾವನಿಗೆ ಗಂಟಲು ಕಪ್ಪಾಗಿತ್ತು. ಅಂಗಿಯ ಮೊದಲ ಗುಂಡಿಯ ಮೇಲೆ ಬಿಸಿಲು ಸುಟ್ಟ ಒಂದು ತ್ರಿಕೋನ, ಅದರ ಮೇಲೆ ಶೂ ಲೇಸಿಗೆ ಕಟ್ಟಿದ ದಿಕ್ಸೂಚಿ.

ಶೂ ಲೇಸೋ, ಲಂಗದ ಲಾಡಿಯೋ? ಬರೆದ ಕೂಡಲೇ ಅನುಮಾನ ಶುರುವಾಯಿತು. ನಾನು ತುಮಕೂರಿನ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಡುವವನು. ಅಳತೆಗೆ ಸಿಗದಿರುವುದನ್ನು ಸುಮ್ಮನೆ ನಂಬಬೇಡಿ ಎಂದು ತರಗತಿಯಲ್ಲಿ ಹೇಳುತ್ತೇನೆ. ಮಾವನ ವಿಷಯದಲ್ಲಿ ನನ್ನ ಹತ್ತಿರ ಇರುವುದು ಅಳತೆಯಲ್ಲ, ನೆನಪು. ಅದರಲ್ಲಿ ಅರ್ಧ ಅವರೇ ಹೇಳಿಕೊಟ್ಟದ್ದು, ಅವರು ಹೇಳಿದ್ದರಲ್ಲಿ ಅರ್ಧ ಅವರೇ ಕಟ್ಟಿದ್ದು. ಓದುವವರು ಅಷ್ಟನ್ನು ಕಳೆದೇ ಓದಬೇಕು.

ಅವರು ನನ್ನ ಸ್ವಂತ ಸೋದರಮಾವನಲ್ಲ. ನಮ್ಮ ತಾಯಿಗೆ ದೂರದಲ್ಲಿ ಅಣ್ಣನಾಗಬೇಕು, ಊರಿನಲ್ಲಿ ಪಕ್ಕದ ಮನೆ. ನಮ್ಮದು ಕುಣಿಗಲ್ ತಾಲ್ಲೂಕು, ಮಾರ್ಕೋನಹಳ್ಳಿ ಹಿನ್ನೀರಿನ ಆಚೆ ದಡದ ಸಣ್ಣ ಊರು. ಎರಡು ದಿಣ್ಣೆಗಳ ನಡುವೆ ಬಟ್ಟಲಿನ ತಳದಲ್ಲಿ ಇಟ್ಟ ಹಾಗಿದೆ. ಮಾವ ಮೊದಲು ಮನೆಗಳ ಮೇಲೆ ಮೀನಿನ ಮುಳ್ಳಿನಂಥ ಆಂಟೆನಾ ಕಟ್ಟುತ್ತಿದ್ದರು. ಆಮೇಲೆ ದೊಡ್ಡ ಡಿಶ್ಶುಗಳು ಬಂದವು, ಆಮೇಲೆ ಚಿಕ್ಕವು. ಗುಬ್ಬಿಯಿಂದ ಕುಣಿಗಲ್‌ವರೆಗೆ ಎಷ್ಟೋ ಮನೆಗಳ ಮೇಲೆ ಹತ್ತಿ ಅವನ್ನು ಆಕಾಶಕ್ಕೆ ತಿರುಗಿಸಿದ್ದಾರೆ. ಹೆಸರು ಹಿಡಿದು ಕರೆಯುವವರು ಅವರ ತಾಯಿ ಒಬ್ಬರೇ. ಮಿಕ್ಕವರಿಗೆಲ್ಲ ಡಿಶ್ ಮಾವ, ಡಿಶ್ಶಣ್ಣ.

ಆ ಕೆಲಸದಲ್ಲಿ ಒಬ್ಬ ಮೇಲೆ, ಒಬ್ಬ ಕೆಳಗೆ ಇರಬೇಕು. ಮೇಲಿನವನು ಡಿಶ್ ತಿರುಗಿಸುತ್ತಾ “ಬಂತಾ?” ಅನ್ನಬೇಕು. ಕೆಳಗೆ ಟೀವಿಯ ಮುಂದೆ ಕೂತವರು “ಇಲ್ಲ”, “ಬಂತು ಬಂತು”, “ಹೋಯ್ತು” ಅನ್ನಬೇಕು. ‘ಬಂತು’ ಅಂದ ಕೂಡಲೇ ನಟ್ಟು ಬಿಗಿ ಮಾಡಬೇಕು. ಮಾವನ ಈ ‘ಬಂತಾ’ ಎರಡು ಬೀದಿಯಾಚೆಗೆ ಕೇಳುತ್ತಿತ್ತು.

ಗುಬ್ಬಿಯಲ್ಲಿ ನಡೆದದ್ದನ್ನು ಅವರು ನೂರು ಸಲ ಹೇಳಿದ್ದಾರೆ. ಇನ್ನೂ ಆಂಟೆನಾ ಕಾಲ, ಬಸ್ ನಿಲ್ಲುವ ಜಾಗದ ಎದುರಿನ ಮನೆ. ಮಾವ ಮೇಲೆ ನಿಂತು “ಬಂತಾ?” ಎಂದು ಕೂಗಿದರು. ಕೆಳಗಿನಿಂದ “ಇನ್ನೂ ಇಲ್ಲ” ಎಂದಿತು ಧ್ವನಿ. ತಿರುಗಿಸಿದರು. “ಈಗ ಬಂತಾ?” “ಇಲ್ಲ ಕಣಣ್ಣ, ಇವತ್ಯಾಕೋ ಲೇಟು.” ಆಂಟೆನಾಕ್ಕೆ ಲೇಟು ಅಂದರೇನು ಎಂದು ಅವರಿಗೆ ಹೊಳೆಯಲಿಲ್ಲವಂತೆ. ಬೆವರು ಸುರಿಸಿಕೊಂಡು ಮೂಡಲಿಂದ ಪಡುವಣಕ್ಕೆ ತಿರುಗಿಸಿ ಮತ್ತೆ ತಂದರು. ಕೊನೆಗೆ ಕೆಳಗೆ ನಾಲ್ಕಾರು ಜನ ಒಟ್ಟಿಗೆ “ಬಂತು ಬಂತು!” ಎಂದು ಕೂಗಿದರು. ಮಾವ ನಟ್ಟನ್ನು ಗಟ್ಟಿಯಾಗಿ ಬಿಗಿದು ಇಳಿದು ಬಂದರೆ ಟೀವಿ ತುಂಬ ಇರುವೆ ಹರಿದಾಡುತ್ತಿವೆ. ಮನೆಯಾಕೆ ಹಿತ್ತಲಿನಲ್ಲಿ ಬಟ್ಟೆ ಒಗೆಯುತ್ತಿದ್ದಾರೆ. ಅಷ್ಟು ಹೊತ್ತೂ ಉತ್ತರ ಕೊಟ್ಟವರೆಲ್ಲ ತುಮಕೂರು ಬಸ್ ಹತ್ತಿ ಹೊರಟುಹೋಗಿದ್ದಾರೆ.

ಆ ದಿನ ಕೇಬಲ್ಲಿನ ಸುರುಳಿ ಹಿಡಿದುಕೊಂಡು ನಾನೂ ಜೊತೆಗಿದ್ದೆ ಎಂದು ಬಹಳ ಕಾಲ ನಂಬಿದ್ದೆ. ಬಸ್ಸಿನ ಬಣ್ಣ ಕೂಡ ಹೇಳಬಲ್ಲೆ. ನಾನು ಆಗ ಹುಟ್ಟಿಯೇ ಇರಲಿಲ್ಲ ಎಂದು ನನ್ನ ತಾಯಿ ಹೇಳುತ್ತಾರೆ.

ಸಂಜೆ ಕೆಲಸ ಮುಗಿಸಿ ಬಂದರೆ ಮಾವ ಊರ ಹೊರಗಿನ ಬಂಡೆಗೆ ಹೋಗುತ್ತಿದ್ದರು. ಆನೆ ಮಲಗಿದ ಹಾಗಿರುವ ಅಗಲವಾದ ಬಂಡೆ. ಮೇಲೆ ಹತ್ತಿದರೆ ಹಿನ್ನೀರು ಕಾಣುತ್ತದೆ. ಬೆಂಗಳೂರಿನ ಹಳೇ ಸಾಮಾನಿನ ಸಂತೆಯಲ್ಲಿ ಕೊಂಡ ಒಂದು ದುರ್ಬೀನನ್ನು ಡಿಶ್ ನಿಲ್ಲಿಸುವ ಕಾಲಿಗೆ ಕ್ಲ್ಯಾಂಪ್ ಹಾಕಿ ಬಿಗಿದಿದ್ದರು. ಹೊತ್ತು ಮುಳುಗಿ ಚುಕ್ಕಿಗಳು ಒಂದೊಂದಾಗಿ ಬರುವಾಗ ಜನ ಸೇರುತ್ತಿದ್ದರು. ಹೆಸರುಗಳು ಅವರ ತಾಯಿಯಿಂದ ಬಂದವು. ಆ ಅಜ್ಜಿಗೆ ಒಂದೇ ಸಾಲಿನ ಮೂರು ಚುಕ್ಕಿ ರಾಗಿ ಬಿತ್ತುವ ಕೂರಿಗೆ, ಗುಂಪಾಗಿ ಮಿಣುಕುವವು ಕೋಳಿಮರಿ. ಮಿಕ್ಕವಕ್ಕೆ ಮಾವ ತಾವೇ ಹೆಸರಿಡುತ್ತಿದ್ದರು. ಇವತ್ತು ಇಟ್ಟ ಹೆಸರು ನಾಳೆಗೆ ಇರುತ್ತಿರಲಿಲ್ಲ. ಕಣ್ಣಿಟ್ಟವರನ್ನು ಅಲ್ಲಿಯೂ ಅದೇ ಪ್ರಶ್ನೆ ಕೇಳುತ್ತಿದ್ದರು, ಬಂತಾ ಎಂದು. ‘ಬಂತು’ ಅನ್ನುವವರೆಗೆ ಯಾರನ್ನೂ ಎಬ್ಬಿಸುತ್ತಿರಲಿಲ್ಲ.

ನನಗೆ ಹತ್ತು ವರ್ಷವಿರಬೇಕು, ಒಂದು ಸಂಜೆ ಶನಿಯನ್ನು ಹುಡುಕಿದರು. ಶನಿಗೆ ಬಳೆ ಇದೆ ಎಂದು ಪುಸ್ತಕದಲ್ಲಿ ಓದಿದ್ದೆ. ಹಿಂದೆ ಸಾಲು ನಿಂತಿದೆ, ಯಾರೋ ಬೆನ್ನಿಗೆ ತಿವಿಯುತ್ತಿದ್ದಾರೆ, ಕಿವಿಯ ಹತ್ತಿರ ಮಾವ “ಬಂತಾ?” ಅನ್ನುತ್ತಿದ್ದಾರೆ. “ಬಂತು! ಬಳೆ ಬಂತು!” ಎಂದು ಕುಣಿದೆ. ಆ ಬಳೆಯ ಹಿಂದೆಯೇ ನಾನು ಭೌತಶಾಸ್ತ್ರಕ್ಕೆ ಹೋದದ್ದು. ಎಂ.ಎಸ್ಸಿ. ಓದುವಾಗ ಒಂದು ಮಧ್ಯಾಹ್ನ ಸುಮ್ಮನೆ ಲೆಕ್ಕ ಹಾಕಿ ನೋಡಿದೆ. ಅಷ್ಟು ಸಣ್ಣ ದುರ್ಬೀನಿನಲ್ಲಿ ಶನಿಯ ಬಳೆ ಕಾಣುವ ಹಾಗೇ ಇಲ್ಲ. ಆದರೂ ಇವತ್ತು ಕಣ್ಣು ಮುಚ್ಚಿದರೆ ಅದು ಕಾಣುತ್ತದೆ, ಸ್ವಲ್ಪ ಓರೆಯಾಗಿ, ಹಳದಿಯಾಗಿ. ಈ ಲೆಕ್ಕವನ್ನು ಬಹಳ ವರ್ಷ ಮಾವನಿಗೆ ಹೇಳಲಿಲ್ಲ.

ಮೊಬೈಲು ಬಂದ ಮೇಲೆ ಆ ಬಂಡೆಗೆ ಸಿಗ್ನಲ್ ಬಂಡೆ ಎಂದು ಹೆಸರಾಯಿತು. ಬಟ್ಟಲಿನ ತಳದಲ್ಲಿರುವ ಊರಿಗೆ ಯಾವ ಟವರೂ ಎಟುಕುತ್ತಿರಲಿಲ್ಲ. ಫೋನ್ ಮಾಡಬೇಕಾದರೆ ಬಂಡೆ ಹತ್ತಬೇಕು. ರೇಷನ್ನಿಗೆ ಹೆಬ್ಬೆಟ್ಟು ಒತ್ತುವುದು ಕಡ್ಡಾಯವಾದ ಮೇಲೆ ಸೊಸೈಟಿಯವನು, ಅಂದರೆ ರೇಷನ್ ಅಂಗಡಿಯವನು, ತಿಂಗಳಿಗೊಮ್ಮೆ ಮೆಷಿನ್ ಎತ್ತಿಕೊಂಡು ಬಂಡೆಯ ಮೇಲೆ ಛತ್ರಿ ಬಿಚ್ಚಿ ಕೂರುತ್ತಿದ್ದ. ಊರಿನ ಹೆಬ್ಬೆಟ್ಟುಗಳೆಲ್ಲ ಅಲ್ಲಿಗೆ ಏರುತ್ತಿದ್ದವು. ಅಜ್ಜಿಯದು ಬೇರೆ ಕಾರ್ಡು, ಅದಕ್ಕೆ ಆಕೆಯ ಹೆಬ್ಬೆಟ್ಟೇ ಆಗಬೇಕು, ಆಕೆಗೆ ಮಂಡಿ ಬಗ್ಗದು. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಎರಡು ಬಿದಿರು ಕಟ್ಟಿ, ನಾಲ್ಕು ಜನ ಹೊತ್ತುಕೊಂಡು ಹತ್ತುತ್ತಿದ್ದರು. ಅಜ್ಜಿ ಮೇಲೆ ಕೂತು ಹೊತ್ತವರಿಗೇ ದಾರಿ ಹೇಳುತ್ತಿತ್ತು, ಕುಲುಕಿದರೆ ಬೈಯುತ್ತಿತ್ತು. ನೋಡಲು ನಗು ಬರುತ್ತಿತ್ತು. ಆದರೆ ಒಂದು ಮಳೆಗಾಲದಲ್ಲಿ ಮುಂದಿನವನ ಕಾಲು ಪಾಚಿಯ ಮೇಲೆ ಜಾರಿ ಕುರ್ಚಿ ಬಂಡೆಗೆ ಬಡಿಯಿತು. ಅಜ್ಜಿಯ ಸೊಂಟಕ್ಕೆ ಪೆಟ್ಟಾಯಿತು. ಇನ್ನು ಹೊರುವುದಿಲ್ಲ ಎಂದು ಮಾವ ಹಟ ಹಿಡಿದರು. ಹೊರದಿದ್ದರೆ ಅಜ್ಜಿಗೆ ಅಕ್ಕಿಯಿಲ್ಲ. ಮಗನ ಮನೆಯ ಅಕ್ಕಿ ಇತ್ತು, ಆದರೆ ಅಜ್ಜಿಗೆ ತನ್ನ ಹೆಬ್ಬೆಟ್ಟಿನ ಅಕ್ಕಿಯೇ ಆಗಬೇಕು.

ಅದೇ ವರ್ಷ ಆಕಾಶದಲ್ಲಿ ಸಾಲುದೀಪ ಕಂಡದ್ದು. ಹೊತ್ತು ಮುಳುಗಿದ ಮೇಲೆ ಪಡುವಣದಿಂದ ಎದ್ದ ಬೆಳಕಿನ ಚುಕ್ಕಿಗಳು ಒಂದರ ಹಿಂದೊಂದು, ದಾರಕ್ಕೆ ಪೋಣಿಸಿದ ಹಾಗೆ, ಸದ್ದಿಲ್ಲದೆ ತಲೆಯ ಮೇಲೆ ಹೋದವು. ಜನ ಕೈಮುಗಿದರು. ಅಂಗಳದಲ್ಲಿದ್ದ ಅಜ್ಜಿ ಯಾರದೋ ದಿಬ್ಬಣ ಹೋಗುತ್ತಿದೆ ಅಂದಿತಂತೆ. ಆ ಭಾನುವಾರ ನಾನು ಊರಿಗೆ ಹೋದಾಗ ಅವು ಇಂಟರ್‌ನೆಟ್ ಕೊಡುವ ಉಪಗ್ರಹಗಳು ಎಂದೆ. ಮಾವನಿಗೆ ಕೆಲಸದ ಅಭಿಮಾನ ಕೆರಳಿತು.

“ನಮ್ಮ ಕಾಲದವು ಮರ್ಯಾದಸ್ತರು ಕಣ್ಲಾ ಅಳಿಯ. ಒಂದು ಕಡೆ ಕೂತ್ಕಂಡು ಕೆಲಸ ಮಾಡೋವು. ಒಂದಿನ ಯಾರ ಕಣ್ಣಿಗೂ ಬಿದ್ದೋವಲ್ಲ. ಇವೇನ್ಲಾ, ಮೆರವಣಿಗೆ ಹೊಂಟವೆ.”

ನನ್ನ ಸಿಟ್ಟು ಬೇರೆಯದು. ತುಮಕೂರಿನಲ್ಲಿ ನಮ್ಮದೊಂದು ನಕ್ಷತ್ರ ನೋಡುವ ಗುಂಪಿದೆ. ಮೊದಲು ದೇವರಾಯನದುರ್ಗಕ್ಕೆ ಹೋಗುತ್ತಿದ್ದೆವು. ನಗರದ ಬೆಳಕು ಅಲ್ಲಿಯವರೆಗೂ ಹತ್ತಿ ಬಂದು ಅಲ್ಲಿ ಏನೂ ಉಳಿಯಲಿಲ್ಲ. ನನಗೆ ಉಳಿದದ್ದು ನಮ್ಮೂರಿನ ಬಂಡೆ ಒಂದೇ. ಅಲ್ಲಿ ತೆಗೆದ ಫೋಟೋಗಳ ಮೇಲೂ ಈಗ ಉಪಗ್ರಹಗಳ ಗೀಟು ಬೀಳತೊಡಗಿತ್ತು.

ಅಷ್ಟರಲ್ಲಿ ಒಂದು ಸಂಸ್ಥೆಯವರು ಬಂದರು. ಸಿಗ್ನಲ್ ಇಲ್ಲದ ಊರುಗಳನ್ನು ಹುಡುಕಿ, ಪ್ರಯೋಗಕ್ಕೆಂದು ಒಂದೊಂದು ಉಪಗ್ರಹದ ಡಿಶ್ ಹಾಕಿಕೊಡುತ್ತಾರಂತೆ. ಶಾಲೆಯ ಹತ್ತಿರ ಕಂಬ ನೆಟ್ಟು ಕೂರಿಸುವುದು. ಅಲ್ಲಿಂದ ಶಾಲೆಗೆ, ಸೊಸೈಟಿಗೆ ವೈರು. ಹೇಗೂ ಕಂಬ ನೆಡುತ್ತೇವೆ, ಅದಕ್ಕೊಂದು ಹೈಮಾಸ್ಟ್ ದೀಪವನ್ನೂ ಹಾಕಿಬಿಡೋಣ ಎಂದು ಪಂಚಾಯ್ತಿಯವರು ಸೇರಿಸಿದರು. ಊರಿನವರು ಗ್ರಾಮಸಭೆಯಲ್ಲಿ ಒಪ್ಪಬೇಕು. ಶಾಲೆ ಇರುವುದು ಬಂಡೆಯ ಬುಡದಲ್ಲಿ. ಮೇಲೆ ಉಪಗ್ರಹಗಳ ಗೀಟು, ಕೆಳಗೆ ಹೈಮಾಸ್ಟ್. ನನ್ನ ಆಕಾಶ ಅಲ್ಲಿಗೆ ಮುಗಿಯಿತು ಅನ್ನಿಸಿತು.

ನಾನು ಲ್ಯಾಪ್‌ಟಾಪಿನಲ್ಲಿ ಚಿತ್ರಗಳನ್ನು ಜೋಡಿಸಿಕೊಂಡು ಸಭೆಗೆ ಹೋದೆ. ಗೀಟು ಬಿದ್ದ ಫೋಟೋ ತೋರಿಸಿದೆ. ಆಕಾಶ ಯಾರೊಬ್ಬರ ಸ್ವತ್ತೂ ಅಲ್ಲ, ನಮ್ಮನ್ನು ಕೇಳದೆ ತುಂಬುತ್ತಿದ್ದಾರೆ ಎಂದೆ. ಜನ ಗೌರವದಿಂದ ಕೇಳಿದರು. ಆಮೇಲೆ ಸೊಸೈಟಿಯವನು ಎದ್ದು ನಿಂತ.

“ಸಾರ್, ತುಮಕೂರಲ್ಲಿ ನಿಮ್ಮನೆ ಮೇಲೆ ನಿಂತ್ಕಂಡ್ರೆ ಎಷ್ಟು ಚುಕ್ಕಿ ಕಾಣ್ತವೆ?”

“ಹತ್ತಿಪ್ಪತ್ತು ಕಾಣಬಹುದು.”

“ನೆಟ್ಟು?”

“ಚೆನ್ನಾಗೇ ಬರುತ್ತೆ.”

“ಹಂಗಾರೆ ಅದಲುಬದಲು ಮಾಡ್ಕಳಾನ ಬುಡಿ ಸಾರ್.”

ಸಭೆ ಬಿದ್ದು ಬಿದ್ದು ನಕ್ಕಿತು. ಮಾವನೂ ನಕ್ಕರು. ಅವರು ನನ್ನ ಕಡೆ ಮಾತನಾಡುತ್ತಾರೆ ಎಂದು ನನಗೆ ಸಂಶಯವೇ ಇರಲಿಲ್ಲ. ಆ ಬಂಡೆಯ ಮೇಲೆ ಆಕಾಶ ತೋರಿಸಿದವರೇ ಅವರಲ್ಲವೇ. ಅವರು ಎದ್ದು, ಕತ್ತು ವಾಲಿಸಿಕೊಂಡು, ಎಂದಿನಂತೆ ಎಲ್ಲರ ತಲೆಯ ಮೇಲೆ ನೋಡುತ್ತಾ ಮಾತನಾಡಿದರು.

“ನಮ್ಮಳಿಯ ಹೇಳಿದ್ದು ಸುಳ್ಳಲ್ಲ. ಮೇಲ್ಗಡೆ ಗೀಟು ಬೀಳ್ತಾ ಐತೆ, ನಂಗೂ ಹೊಟ್ಟೆ ಉರೀತದೆ. ಆದ್ರೆ ಅವನ ಫೋಟೋಕ್ಕೆ ಗೀಟು ಅಡ್ಡ ಬಂದ್ರೆ ನಮ್ಮವ್ವನ ಅಕ್ಕಿಗೆ ಬಂಡೆ ಅಡ್ಡ ಬತ್ತಾ ಐತೆ. ನಾವು ಬ್ಯಾಡ ಅಂದ್ರೆ ಅವು ಹಾರೋದು ನಿಲ್ಲಲ್ಲ, ನಮ್ಮವ್ವನ ಅಕ್ಕಿನೂ ಬರಲ್ಲ. ಡಿಶ್ ಹಾಕ್ಸಾನ.”

ನನ್ನ ಮುಖ ನೋಡಿದರೋ ಏನೋ, ಕೂರಲು ಹೋದವರು ಮತ್ತೆ ನಿಂತರು.

“ಲೈಟಿನ ಮಾತು ಬೇರೆ. ಡಿಶ್ಶು ಮೇಲಕ್ಕೆ ನೋಡಬೇಕು, ಲೈಟು ಕೆಳಕ್ಕೆ ನೋಡಬೇಕು. ಲೈಟ್ಯಾಕ್ಲಾ ಮೇಲಕ್ಕೆ ನೋಡ್ತದೆ?”

ಹೆಂಗಸರು ದೀಪ ಬೇಕೇ ಬೇಕು ಎಂದರು. ಹಿನ್ನೀರಿನ ಕಡೆಯಿಂದ ಹಾವು ಬರುತ್ತವೆ, ಹಂದಿ ಬರುತ್ತವೆ, ಕತ್ತಲಲ್ಲಿ ಓಡಾಡುವವರು ನಾವು ಎಂದರು. ನಾನು ಲ್ಯಾಪ್‌ಟಾಪ್ ಮುಚ್ಚಿದೆ. ದೀಪ ಇರಲಿ, ಅದಕ್ಕೆ ಕೊಡೆ ಹಿಡಿಯುವ ಕೆಲಸ ನನಗೆ ಬಿಡಿ ಎಂದು ಮಾವ ಸಭೆ ಮುಗಿಸಿದರು. ಏನು ಕೊಡೆ ಎಂದು ಯಾರಿಗೂ ತಿಳಿಯಲಿಲ್ಲ. ಅವರಿಗೂ ಆಗ ತಿಳಿದಿರಲಿಲ್ಲ ಎಂದು ನನ್ನ ಗುಮಾನಿ.

ಸಭೆ ಮುಗಿಸಿ ಮನೆಯ ಕಡೆ ಬರುವಾಗ ನಾನು ಎರಡು ಹೆಜ್ಜೆ ಮುಂದೆ ನಡೆಯುತ್ತಿದ್ದೆ. ಸಿಟ್ಟಿನಲ್ಲಿ, ಅಷ್ಟು ವರ್ಷ ಇಟ್ಟುಕೊಂಡಿದ್ದ ಲೆಕ್ಕವನ್ನು ಹೊರಗೆ ತೆಗೆದೆ. ನಿಮ್ಮ ದುರ್ಬೀನಿನಲ್ಲಿ ಶನಿಯ ಬಳೆ ಕಾಣಲು ಸಾಧ್ಯವೇ ಇರಲಿಲ್ಲ ಎಂದೆ. ಮಾವ ದಾರಿಯಲ್ಲೇ ನಿಂತರು.

“ಕಾಣಲ್ವಾ?”

“ಇಲ್ಲ ಮಾವ.”

“ಮತ್ತೆ ನೀನು ಬಂತು ಅಂದೆ?”

“ಹಿಂದಿನಿಂದ ತಿವೀತಿದ್ರು, ಅಂದೆ. ನಿಮಗೆ ಕಂಡಿತ್ತಾ?”

“ನಂಗ್ಯಾವತ್ಲಾ ಕಂಡಿತ್ತು? ನೀನು ಕುಣಿದಲ್ಲ, ಎಳೇ ಕಣ್ಣು, ಇವನಿಗೆ ಕಂಡೈತೆ ಅಂದ್ಕಂಡೆ. ಅವತ್ತಿಂದ ಊರಿಗೆಲ್ಲ ಬಳೆ ನೋಡ್ರೋ ಬಳೆ ನೋಡ್ರೋ ಅಂತ ತೋರಿಸ್ಕಂಡ್ ಬಂದೀನಿ. ಒಬ್ಬ ಇಲ್ಲ ಅಂದವ್ನಲ್ಲ.”

ಇಬ್ಬರೂ ರಸ್ತೆಯ ಪಕ್ಕದ ಮೋರಿಯ ಕಟ್ಟೆಯ ಮೇಲೆ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ನನ್ನ ಸಿಟ್ಟು ಅಲ್ಲಿಯೇ ಇಳಿಯಿತು. ಇದಂತೂ ನಿಜವಾಗಿ ನಡೆದದ್ದು. ಕಲ್ಲು ಬಿಸಿಲಿಗೆ ಕಾದಿದ್ದದ್ದು ನೆನಪಿದೆ.

ಡಿಶ್ ಕೂರಿಸುವ ದಿನ ಮಾವ ಇಸ್ತ್ರಿ ಅಂಗಿ ಹಾಕಿಕೊಂಡು, ದಿಕ್ಸೂಚಿ ನೇತುಹಾಕಿಕೊಂಡು ಕಂಬದ ಬುಡಕ್ಕೆ ಹೋದರು. ಹಲಗೆಯಂಥ ಒಂದು ಚಪ್ಪಟೆ ಡಿಶ್. ಬಂದ ಇಬ್ಬರು ಅದನ್ನು ಮೇಲೆ ಇಟ್ಟರು, ಸ್ವಿಚ್ ಒತ್ತಿದರು, ಮುಗಿಯಿತು. ಅದು ತನ್ನ ಉಪಗ್ರಹವನ್ನು ತಾನೇ ಹುಡುಕಿಕೊಳ್ಳುತ್ತದಂತೆ. ತಿರುಗಿಸಬೇಕಾಗಿಲ್ಲ, ಕೂಗಬೇಕಾಗಿಲ್ಲ. ಮಾವ ಒಂದು ಗಳಿಗೆ ಪೆಚ್ಚಾಗಿ ನಿಂತರು. ಆಮೇಲೆ ಬಾಯಿಗೆ ಎರಡೂ ಕೈ ಹಿಡಿದು, ಎರಡು ಬೀದಿಗೆ ಕೇಳುವ ಹಾಗೆ, “ಬಂತಾ?” ಎಂದು ಕೂಗಿಯೇ ಬಿಟ್ಟರು. ಸೊಸೈಟಿಯಿಂದ, ಶಾಲೆಯಿಂದ, ನೆರೆದ ಜನರಿಂದ ಒಟ್ಟಿಗೆ ಉತ್ತರ ಬಂತು. “ಬಂತು!”

ಕೊಡೆಯ ಉಪಾಯ ಆ ವಾರವೇ ಹೊಳೆಯಿತು. ಊರ ತುಂಬ ಹಳೆಯ ಟೀವಿ ಡಿಶ್ಶುಗಳು ಬಿದ್ದಿದ್ದವು. ಒಂದರಲ್ಲಿ ಸಂಡಿಗೆ ಒಣಗುತ್ತಿತ್ತು, ಒಂದರಲ್ಲಿ ಕೋಳಿಗಳು ನೀರು ಕುಡಿಯುತ್ತಿದ್ದವು. ಮಾವ ಎಲ್ಲವನ್ನೂ ಬೈಸಿಕೊಂಡು ಬೈಸಿಕೊಂಡು ಎತ್ತಿ ತಂದರು. ಕಂಬದ ಪ್ರತಿ ದೀಪದ ಮೇಲೂ ಒಂದೊಂದನ್ನು ಕವುಚಿ ಕಟ್ಟಿಸಿದರು. ಮೊದಲನೆಯದು ಓರೆಯಾಗಿ, ಬೆಳಕೆಲ್ಲ ಅರಳಿಕಟ್ಟೆಯಲ್ಲಿ ಇಸ್ಪೀಟಾಡುತ್ತಿದ್ದವರ ಎಲೆಗಳ ಮೇಲೆ ಬಿತ್ತು. ಅವರು ಜಾಗ ಬದಲಿಸಬೇಕಾಯಿತು. ಸರಿ ಮಾಡಿದ ಮೇಲೆ ಬೆಳಕು ರಸ್ತೆಯ ಮೇಲೆ ಮಾತ್ರ ಹರಡಿತು. ನಾನು ಉಪಕರಣ ತಂದು ಬಂಡೆಯ ಮೇಲೆ ಅಳೆದೆ. ಕತ್ತಲು ಪೂರ್ತಿ ಉಳಿದಿರಲಿಲ್ಲ, ಹೆಚ್ಚೇನೂ ಹೋಗಿರಲೂ ಇಲ್ಲ. ಜೀವಮಾನವೆಲ್ಲ ಆಕಾಶ ನೋಡಿದ ಡಿಶ್ಶುಗಳು ಈಗ ನೆಲ ನೋಡುತ್ತಿದ್ದವು. ಮೇಲಿನ ಗೀಟುಗಳಿಗೆ ಮಾತ್ರ ಮಾವನ ಹತ್ತಿರ ಕೊಡೆ ಇರಲಿಲ್ಲ. ನನ್ನ ಹತ್ತಿರವೂ ಇಲ್ಲ. ಅದರ ಜಗಳ ಇನ್ನೂ ಬಾಕಿಯಿದೆ, ನಾನು ಬಿಟ್ಟಿಲ್ಲ.

ಮುಂದಿನ ತಿಂಗಳು ಅಜ್ಜಿ ಮನೆಯಿಂದ ನಾಲ್ಕು ಹೆಜ್ಜೆಯಲ್ಲಿರುವ ಸೊಸೈಟಿಗೆ ಕೋಲೂರಿಕೊಂಡು ಹೋಗಿ ಹೆಬ್ಬೆಟ್ಟೊತ್ತಿ ಅಕ್ಕಿ ತಂದಿತು. ಸಂಜೆ ನೋಡಿದರೆ ಕುರ್ಚಿಯಲ್ಲಿ ಸಿದ್ಧವಾಗಿ ಕೂತಿದೆ.

“ಹೊತ್ಕಂಡ್ ನಡೀರ್ಲಾ ಬಂಡೆಗೆ.”

ಹೆಬ್ಬೆಟ್ಟು ಆಯಿತಲ್ಲವ್ವ ಎಂದರು ಮಾವ. ಹೆಬ್ಬೆಟ್ಟು ಆಯಿತು, ಕೂರಿಗೆ ನೋಡಿದ್ದಾಯಿತೇ ಎಂದು ಅಜ್ಜಿ ಕೇಳಿತು. ಮಳೆಗಾಲ ಮುಗಿದು ಬಂಡೆ ಒಣಗಿತ್ತು. ಮಾವನ ಹಟವೂ ಸಡಿಲವಾಗಿತ್ತು. ಹೊತ್ತರು.

ಈ ಸಲ ರಾಗಿ ಒಕ್ಕಣೆ ಮುಗಿಯುವ ಹೊತ್ತಿಗೆ ಮಾವನಿಗೆ ಎದೆಯ ತೊಂದರೆ ಕಾಣಿಸಿತು. ತುಮಕೂರಿನ ಆಸ್ಪತ್ರೆಯಲ್ಲಿ ಮಲಗಿಸಿದೆವು. ವಾರ್ಡಿನ ಕಿಟಕಿಯಿಂದ ಕಾಣುತ್ತಿದ್ದದ್ದು ಎದುರು ಕಟ್ಟಡದ ಗೋಡೆ ಮಾತ್ರ. ಸಂಜೆ ನೋಡಲು ಬಿಡುವ ಹೊತ್ತಿನಲ್ಲಿ ನನ್ನ ಫೋನಿಗೆ ಊರಿನಿಂದ ವಿಡಿಯೋ ಕರೆ ಬಂತು. ಸೊಸೈಟಿಯ ಅಂಗಳದಲ್ಲಿ ನಿಂತು ಅಂಗಡಿಯವನು ಫೋನನ್ನು ಆಕಾಶಕ್ಕೆ ಹಿಡಿದಿದ್ದ. ಪಕ್ಕದಲ್ಲಿ ಅಜ್ಜಿಯ ಧ್ವನಿ.

“ಕೂರಿಗೆ ಎದ್ದೈತೆ ಕಣ್ಲಾ ಮಗ. ಬಂತಾ?”

ನಾನು ಫೋನನ್ನು ಮಾವನ ಮುಖದ ಮುಂದೆ ಹಿಡಿದೆ. ಪರದೆ ಕಪ್ಪಗಿತ್ತು. ಫೋನಿನ ಕ್ಯಾಮೆರಾಕ್ಕೆ ನಕ್ಷತ್ರಗಳು ಹಾಗೆ ಸಿಗುವುದಿಲ್ಲ. ಇದ್ದದ್ದು ಗಾಜಿನ ಮೇಲಿನ ಒಂದು ಧೂಳಿನ ಕಣ. ಮಾವನ ಕತ್ತು ದಿಂಬಿನ ಮೇಲೆ ಬಲಕ್ಕೆ ವಾಲಿತು. ಎಡಗಣ್ಣು ಅರ್ಧ ಮುಚ್ಚಿತು. ಬಹಳ ಹೊತ್ತು ನೋಡಿದರು.

“ಬಂತು ಕಣವ್ವ,” ಎಂದರು. “ಮೂರೂ ಬಂತು.”

ಆಮೇಲೆ ನನ್ನ ಕಡೆ ನೋಡಿ ಹುಬ್ಬು ಹಾರಿಸಿದರು. ಮೋರಿಯ ಕಟ್ಟೆಯ ಮೇಲಿನ ಅದೇ ನಗು. ಆ ವಾರದ ಕೊನೆಗೆ ಅವರು ತೀರಿಕೊಂಡರು.

ತಿಥಿಯೆಲ್ಲ ಮುಗಿದ ಮೇಲೆ ಒಂದು ಸಂಜೆ ಅಜ್ಜಿಯನ್ನು ಬಂಡೆಗೆ ಹೊತ್ತೆವು. ಒಂದು ಹೆಗಲು ನನ್ನದು. ನನ್ನ ಟೆಲಿಸ್ಕೋಪು ನಿಜವಾಗಿಯೂ ಬಳೆ ತೋರಿಸುವಂಥದು. ಪಡುವಣದಲ್ಲಿ ಶನಿ ಇನ್ನೂ ಇಳಿದಿರಲಿಲ್ಲ. ಮಾವನಿಗೆ ಒಮ್ಮೆ ತೋರಿಸುತ್ತೇನೆ ಎನ್ನುತ್ತಲೇ ಇದ್ದೆ, ತೋರಿಸಿದ್ದೆನೋ ಇಲ್ಲವೋ, ಅದು ಕೂಡ ಈಗ ಖಚಿತವಿಲ್ಲ. ಕುರ್ಚಿಯನ್ನು ಹತ್ತಿರ ಎಳೆದು, ಅಜ್ಜಿಯ ಕಣ್ಣಿಗೆ ಹೊಂದಿಸಿ, ನನಗರಿವಿಲ್ಲದೆ ಅವರ ಧ್ವನಿಯಲ್ಲೇ ಕೇಳಿದೆ.

“ಬಂತಾ ಅಜ್ಜಿ?”

“ತಡೀಲಾ. ನಿಮ್ಮ ಮಾವನಂಗೆ ಸುಮ್‌ಸುಮ್ಕೆ ಬಂತು ಅನ್ನೋಳಲ್ಲ ನಾನು.”

ಕಾದೆವು. ಕೆಳಗೆ ಕವುಚಿದ ಡಿಶ್ಶುಗಳ ಅಡಿಯಲ್ಲಿ ದೀಪ ಹತ್ತಿತು.

“ಬಂತು. ಬಳೆ ಎಲ್ಲೈತ್ಲಾ? ಗುಂಡಿಗೆ ಸೂಜಿ ಚುಚ್ಚಿದಂಗೈತೆ.”

ಈ ವರ್ಷ ಬಳೆಯ ಅಂಚು ಮಾತ್ರ ನಮ್ಮ ಕಡೆಗಿದ್ದು ತೆಳ್ಳಗೆ ಕಾಣುತ್ತದೆ, ಅಜ್ಜಿ ಹೇಳಿದ್ದು ಸರಿಯಾಗಿತ್ತು. ನಾನು ಬಾಯಿಬಿಡುವಷ್ಟರಲ್ಲಿ ಅಜ್ಜಿ ಕಣ್ಣು ತೆಗೆಯದೆಯೇ ಕೈಯೆತ್ತಿ ನನ್ನನ್ನು ತಡೆಯಿತು.

“ಏನೋ ಒಂದು ಅಡ್ಡ ಹೋಯ್ತು ಕಣ್ಲಾ, ಸರ್ರಂತ.”

ಉಪಗ್ರಹ ಎಂದೆ. ನನಗೆ ಹಳೆಯ ಸಿಟ್ಟು ಒಂದಿಷ್ಟು ಬಂತು.

“ಬುಡು, ಹೋಗ್ಲಿ,” ಅಂದಿತು ಅಜ್ಜಿ. “ನನ್ನಕ್ಕಿ ಅದು.”